ಕರೆತರುವ ಹಾಡು

ನಮ್ಮ ಮನೆ ಮಂಗಳೂರಿನ ದೇರೆಬೈಲಿನಲ್ಲಿದೆ. ಊರಿನ ಹೆಸರಿನಲ್ಲಿ ಬೈಲು ಉಂಟು. ಊರಿನೊಳಗೆ ಈಗ ಬೈಲನ್ನು ಕಾಣುವುದು ಕಷ್ಟ. ಹಿಂದೆ ನೇಜಿ ನೆಡುತ್ತಿದ್ದ ನೆಲದಲ್ಲಿ ಇಂದು ಮಹಡಿಯ ಮೇಲೆ ಮಹಡಿ ಎದ್ದು ನಿಂತಿದೆ. ಅಂಥದೊಂದು ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ ನಾನು, ನನ್ನ ಹೆಂಡತಿ, ನಮ್ಮ ದೊಡ್ಡಮ್ಮ, ಇಂಜಿನಿಯರಿಂಗ್ ಓದುವುದಕ್ಕೆಂದು ಬಂದು ನಮ್ಮಲ್ಲಿಯೇ ನಿಂತಿರುವ ಸೋದರಳಿಯ, ಹೀಗೆ ನಾಲ್ವರು ವಾಸವಾಗಿದ್ದೇವೆ. ದೊಡ್ಡಮ್ಮನೆಂದರೆ ನನ್ನ ತಾಯಿಯ ಅಕ್ಕ.

ಒಂದು ಸಂಜೆ ಅಳಿಯ ಮಹಾಶಯನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಒಂದೇ ಲಯದಲ್ಲಿ ತೂಗುತ್ತ ಕುಳಿತಿದ್ದ. ಬಸಳೆಯ ಎಲೆ ಬಿಡಿಸುತ್ತಿದ್ದ ದೊಡ್ಡಮ್ಮ ಅವನನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ನನ್ನನ್ನು ಕರೆದು, “ಮಗಾ, ಇವನಿಗೆ ದರ್ಶನ ಬರುತ್ತಿದೆಯೋ ಏನು?” ಎಂದು ಕೇಳಿದರು. ನಮ್ಮ ಮನೆಮಾತು ತುಳು. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ತಿರುಗಿಸುವಾಗ ಅದರ ರುಚಿ ತುಸು ಸೋರಿಹೋಗಿರುವುದಕ್ಕೆ ಓದುಗರು ಕ್ಷಮಿಸಬೇಕು.

ಹುಡುಗ ಕಣ್ಣು ತೆರೆದು ನಕ್ಕ. “ಅಜ್ಜಿ, ಇದು ಟ್ರಾನ್ಸ್ ಸಂಗೀತ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು. ಇಂದಿಗೂ ಇದನ್ನು ಮೀರಿಸಿದ್ದು ಇಲ್ಲ” ಎಂದ. ಟ್ರಾನ್ಸ್ ಎಂದರೇನೆಂದು ದೊಡ್ಡಮ್ಮನಿಗೆ ತಿಳಿಸಿಕೊಡುವ ಭಾರ ಕನ್ನಡ ಎಂ.ಎ. ಆದ ನನ್ನ ಮೇಲೆ ಬಿತ್ತು. ಆವೇಶ, ಪರವಶತೆ ಎಂದು ಎರಡು ಮೂರು ಸಂಸ್ಕೃತ ಶಬ್ದಗಳನ್ನು ತಡಕಾಡಿ, ಕೊನೆಗೆ, “ನೀವು ಹೇಳಿದ್ದೇ ಸರಿ ದೊಡ್ಡಮ್ಮ, ದರ್ಶನವೆಂದೇ ಅರ್ಥ” ಎಂದೆ. ಅವರು ಬಸಳೆಯ ದಂಟನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದರು: “ಹಾಗಾದರೆ ಇವನನ್ನು ತಿರುಗಿ ಕರೆತರುವವರು ಯಾರು?”

ಆ ಹೊತ್ತಿಗೆ ನಾವಿಬ್ಬರೂ ನಕ್ಕುಬಿಟ್ಟೆವು. ಆದರೆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಬೆಳಗಿನ ಜಾವಕ್ಕೊಂದು ರಾಗ

ಹುಡುಗನು ಕೇಳುತ್ತಿದ್ದ ಕೃತಿಯ ಹೆಸರು ‘ಚಿಲ್ಡ್ರನ್’, ಮಕ್ಕಳು ಎಂದರ್ಥ. ಅದನ್ನು ರಚಿಸಿದಾತ ರಾಬರ್ಟ್ ಮೈಲ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಇಟಲಿಯ ರೊಬೆರ್ತೊ ಕೊಂಚೀನ. 1995ರಲ್ಲಿ ಹೊರಬಂದ ಆ ಕೃತಿ 1996ರಲ್ಲಿ ಯುರೋಪಿನ ಹಲವು ದೇಶಗಳ ಜನಪ್ರಿಯತೆಯ ಪಟ್ಟಿಗಳಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದರಲ್ಲಿ ಸಾಹಿತ್ಯವಿಲ್ಲ. ಯಂತ್ರದಿಂದ ಹೊಮ್ಮುವ ಒಂದೇ ಸಮನಾದ ತಾಳದ ಮೇಲೆ ಪಿಯಾನೋದ ಒಂದು ಸರಳ ಸ್ವರಮಾಲೆ ಮರಳಿ ಮರಳಿ ಬರುತ್ತದೆ, ಅಷ್ಟೆ. ರಚಿಸಿದಾತನು 2017ರಲ್ಲಿ, ಇನ್ನೂ ನಲವತ್ತೇಳರ ಪ್ರಾಯದಲ್ಲಿ, ತೀರಿಕೊಂಡನು. ಕೃತಿ ಮಾತ್ರ ದೇರೆಬೈಲಿನ ಹುಡುಗನೊಬ್ಬನ ಕಿವಿಯಲ್ಲಿ ಇನ್ನೂ ಜೀವಂತವಾಗಿದೆ.

ಅದರ ಹುಟ್ಟಿಗೆ ಎರಡು ಕಾರಣಗಳನ್ನು ಹೇಳುತ್ತಾರೆ. ಯುಗೊಸ್ಲಾವಿಯದ ಯುದ್ಧದಲ್ಲಿ ನೊಂದ ಮಕ್ಕಳ ಚಿತ್ರಗಳನ್ನು ಆತನ ತಂದೆ ತಂದು ತೋರಿಸಿದರಂತೆ. ಅದು ಒಂದು ಕಾರಣ. ಇನ್ನೊಂದು ಕಾರಣವು ಸೋಜಿಗದ್ದು. ಇಟಲಿಯಲ್ಲಿ ಶನಿವಾರದ ರಾತ್ರಿಯಿಡೀ ಕುಣಿದು ದಣಿದ ತರುಣರು, ಬೆಳಗಿನ ಜಾವದಲ್ಲಿ ಅದೇ ಆವೇಶದಿಂದ ಕಾರು ಓಡಿಸಿಕೊಂಡು ಮನೆಗೆ ಮರಳುವಾಗ ಅಪಘಾತಕ್ಕೆ ಸಿಕ್ಕಿ ಸಾಯುತ್ತಿದ್ದರು. ರಾತ್ರಿಯ ಕುಣಿತದ ಕಡೆಯಲ್ಲಿ ಮೆಲ್ಲಗೆ ಮನಸ್ಸನ್ನು ಇಳಿಸುವ ಒಂದು ರಾಗವಿದ್ದರೆ ಒಳ್ಳೆಯದೆಂದು ಆತನು ಯೋಚಿಸಿದನಂತೆ. ಎಂದರೆ ಪರವಶತೆಯ ಸಂಗೀತದಲ್ಲಿ ಇಷ್ಟು ದೊಡ್ಡ ಹೆಸರು ಪಡೆದ ಈ ಕೃತಿಯ ಉದ್ದೇಶಗಳಲ್ಲಿ, ಪರವಶರಾದವರನ್ನು ಕ್ಷೇಮವಾಗಿ ಮನೆಗೆ ಕಳುಹಿಸುವುದೂ ಒಂದು!

ಇದನ್ನು ದೊಡ್ಡಮ್ಮನಿಗೆ ವಿವರಿಸಿದಾಗ ಅವರಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. “ಹಾಗಿದ್ದರೆ ಅವನು ತಿಳಿದವನು” ಎಂದು ಹೇಳಿ ಸುಮ್ಮನಾದರು. ಈ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ಅವರಿಗಿದೆ. ಏಕೆಂದರೆ ನಮ್ಮ ದೊಡ್ಡಮ್ಮ ಸಿರಿ.

ಹಿಂಗಾರದ ಮಗಳು

ತುಳುನಾಡಿನ ಹೊರಗಿನ ಓದುಗರಿಗಾಗಿ ಸಿರಿಯ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅದು ತುಳುವಿನ ಪಾಡ್ದನ, ಎಂದರೆ ಬಾಯಿಂದ ಬಾಯಿಗೆ ಬಂದ ಕಥನಗೀತ. ಹಾಡುವವರು ಬೇರೆಯಾದಂತೆ ಅದರ ವಿವರಗಳೂ ಬೇರೆಯಾಗುತ್ತವೆ. ಕಥೆಯ ಎಲುಬು ಮಾತ್ರ ಒಂದೇ.

ಸತ್ಯನಾಪುರದ ಅರಮನೆಯ ಮುದುಕ ಬೆರ್ಮ ಆಳ್ವನಿಗೆ ಸಂತಾನವಿಲ್ಲ. ಪಾಳುಬಿದ್ದ ದೈವಸ್ಥಾನವನ್ನು ಜೀರ್ಣೋದ್ಧಾರ ಮಾಡಿಸಿದಾಗ, ಬೆರ್ಮರ ಪ್ರಸಾದವಾಗಿ ಬಂದ ಅಡಕೆಯ ಹಿಂಗಾರವೇ ಹೆಣ್ಣುಮಗುವಾಗುತ್ತದೆ. ಅವಳೇ ಸಿರಿ. ಅವಳ ಕೈಹಿಡಿದವನು ಕಾಂತು ಪೂಂಜ. ಸಿರಿ ಬಸುರಿಯಾದಾಗ ಅವಳ ಬಯಕೆಗೆಂದು ತಂದ ಸೀರೆಯನ್ನು ಅವನು ಮೊದಲು ಸಿದ್ದು ಎಂಬ ಸೂಳೆಗೆ ಉಡಲು ಕೊಡುತ್ತಾನೆ. ಆ ಸೀರೆಯನ್ನು ಸಿರಿ ಉಡಲು ಒಪ್ಪುವುದಿಲ್ಲ. ಅವಳಿಗೆ ಕುಮಾರನೆಂಬ ಮಗ ಹುಟ್ಟುತ್ತಾನೆ, ಅಜ್ಜ ತೀರಿಕೊಳ್ಳುತ್ತಾನೆ, ಅರಮನೆಯ ಹಕ್ಕಿನ ಮಾತು ಬಂದಾಗ ಊರ ಹಿರಿಯರು ಅವಳಿಗೆ ನ್ಯಾಯ ಕೊಡುವುದಿಲ್ಲ. ಸಿರಿ ಗಂಡನ ಸಂಬಂಧವನ್ನು ತಾನೇ ಹರಿದುಕೊಂಡು, ತೊಟ್ಟಿಲ ಕೂಸನ್ನೂ ದಾಸಿ ದಾರುವನ್ನೂ ಕರೆದುಕೊಂಡು ಮನೆಯಿಂದ ಹೊರಟುಬಿಡುತ್ತಾಳೆ.

ದಾರಿಯಲ್ಲಿ ಅವಳು ಮಗನನ್ನು ಮಾಯಕ್ಕೆ ಒಪ್ಪಿಸಬೇಕಾಗುತ್ತದೆ. ಮಾಯವೆಂದರೆ ಕಣ್ಣಿಗೆ ಕಾಣದ ಲೋಕ; ಕಾಣುವ ಈ ಲೋಕ ಜೋಗ. ಮುಂದೆ ಸಿರಿ ಇನ್ನೊಂದು ಮದುವೆಯಾಗಿ, ಸೊನ್ನೆ ಎಂಬ ಮಗಳನ್ನು ಹೆತ್ತು ತಾನೂ ಮಾಯವಾಗುತ್ತಾಳೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಅಕ್ಕತಂಗಿಯರು ಚೆನ್ನೆಮಣೆ ಆಡುತ್ತ ಜಗಳವಾಡುತ್ತಾರೆ. ಮಣೆಯ ಏಟಿಗೆ ಒಬ್ಬಳು ಸಾಯುತ್ತಾಳೆ. ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಈ ಕಾರಣದಿಂದಲೇ ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ನಿಷೇಧ ನಮ್ಮ ಕಡೆಯಲ್ಲಿ ಬೆಳೆದುಬಂದಿದೆ.

ಗಂಡನ ದ್ರೋಹ, ಆಸ್ತಿಯ ವ್ಯಾಜ್ಯ, ಕೂಸಿನ ಅಗಲಿಕೆ, ಹೆರಿಗೆಯ ಸಾವು, ಒಡಹುಟ್ಟಿದವರ ಜಗಳ. ಅರಮನೆಯನ್ನು ತೆಗೆದುಹಾಕಿದರೆ ಇದರಲ್ಲಿ ನಮ್ಮ ಮನೆಗಳಲ್ಲಿ ಇಲ್ಲದ್ದು ಯಾವುದಿದೆ?

ಮುದ್ದಣನ ಊರಿನ ಹುಣ್ಣಿಮೆ

ಸುಗ್ಗಿಯ ದಿನಗಳ ಹುಣ್ಣಿಮೆಗಳಲ್ಲಿ ಸಿರಿಜಾತ್ರೆಗಳು ನಡೆಯುತ್ತವೆ. ಹಿರಿಯಡ್ಕ, ಕವತ್ತಾರು, ನಿಡಿಗಲ್, ನಂದಳಿಕೆ ಹೀಗೆ ಸಿರಿಯ ಆಲಡೆಗಳು ಹಲವು. ನಮ್ಮ ದೊಡ್ಡಮ್ಮ ಹೋಗುವುದು ನಂದಳಿಕೆಗೆ. ಕನ್ನಡ ಓದಿದವರಿಗೆ ನಂದಳಿಕೆಯೆಂದರೆ ಥಟ್ಟನೆ ನೆನಪಾಗುವುದು ‘ರಾಮಾಶ್ವಮೇಧ’ದ ಕವಿ ಮುದ್ದಣ, ಎಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಆ ಕವಿ ತನ್ನ ಕೃತಿಗೆ ತನ್ನ ಹೆಸರು ಹಾಕಿಕೊಳ್ಳದೆ, ಹಳೆಯದೊಂದು ಗ್ರಂಥವೆಂಬಂತೆ ಅದನ್ನು ಅಚ್ಚಿಗೆ ಕಳುಹಿಸಿದನು. ಅವನ ಊರಿನಲ್ಲಿಯೇ, ಕಟ್ಟಿದವರ ಹೆಸರೇ ಇಲ್ಲದ ಮಹಾಕಾವ್ಯವೊಂದು ಪ್ರತಿವರ್ಷವೂ ಹೆಂಗಸರ ಬಾಯಲ್ಲಿ ಮರಳಿ ಹುಟ್ಟುತ್ತಿರುವುದನ್ನು ನಾನು ಎಂ.ಎ. ಮುಗಿಸುವವರೆಗೂ ಗಮನಿಸಿಯೇ ಇರಲಿಲ್ಲ. ಮುದ್ದಣನ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಸಿರಿಯ ಬಗ್ಗೆ ಒಂದು ಸಾಲೂ ಬರೆದವನಲ್ಲ.

ಗಮನಿಸದೆ ಇದ್ದೆನೆಂದರೂ ಸುಳ್ಳಾದೀತು. ಹತ್ತು ವರ್ಷದವನಿದ್ದಾಗ ಒಮ್ಮೆ ಆ ಜಾತ್ರೆಗೆ ಹೋಗಿದ್ದೆ. ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಾಲುಸಾಲಾಗಿ ನಿಂತಿದ್ದರು. ಅವರ ನಡುವೆ ಕುಮಾರ. ಮಾಯದಿಂದ ಸಿರಿಯ ಮಗನೇ ಅವನ ಮೈಮೇಲೆ ಬರುತ್ತಾನೆಂದು ನಂಬಿಕೆ. ಅವನು ಪಾಡ್ದನದ ದನಿ ಎತ್ತಿದ ಕೂಡಲೆ ಹೆಂಗಸರು ನಾರಾಯಣನ ಹೆಸರನ್ನು ನೀಳವಾಗಿ ಎಳೆದು ದನಿಗೂಡಿಸತೊಡಗಿದರು. ಒಬ್ಬಳ ತೋಳು ನಡುಗಿತು, ಇನ್ನೊಬ್ಬಳ ಮುಡಿ ಬಿಚ್ಚಿತು, ನೋಡುನೋಡುತ್ತಿದ್ದಂತೆ ಸಾಲಿಗೆ ಸಾಲೇ ಗಾಳಿಗೆ ಸಿಕ್ಕ ಪೈರಿನಂತೆ ತೂಗಿತು. ಆ ಸಾಲಿನಲ್ಲಿ ನನ್ನ ದೊಡ್ಡಮ್ಮನೂ ಇದ್ದರು. ಮನೆಯಲ್ಲಿ ಗಂಡಸರ ಎದುರಿಗೆ ದನಿ ಎತ್ತದ ಅವರು ಅಂದು ಎಲ್ಲರೆದುರು ಅತ್ತರು, ಗದರಿದರು, ಹಾಡಿನಲ್ಲಿಯೇ ಉತ್ತರ ಕೊಟ್ಟರು. ನಾನು ನಾಚಿಕೆಯಿಂದ ಅಮ್ಮನ ಸೆರಗಿನ ಹಿಂದೆ ಅಡಗಿದೆ. ಮುಂದೆ ಬಹುಕಾಲ ಸ್ನೇಹಿತರ ಮುಂದೆ ಈ ವಿಷಯವನ್ನು ಎತ್ತಿದವನಲ್ಲ.

ದೊಡ್ಡಮ್ಮ ಸಿರಿಯಾದ ಬಗೆಯನ್ನು ಅಮ್ಮ ನನಗೆ ತಿಳಿಸಿದ್ದು ಆಮೇಲೆ. ಅವರ ಚೊಚ್ಚಲ ಗಂಡುಕೂಸು ಹದಿನಾರನೆಯ ದಿನಕ್ಕೆ ತೀರಿಹೋಯಿತು. ಅನಂತರ ಅವರು ತಿಂಗಳುಗಟ್ಟಲೆ ಮಾತಾಡಲಿಲ್ಲ. ಒಲೆಯ ಮುಂದೆ ಕುಳಿತರೆ ಕುಳಿತೇ ಇದ್ದರು. ಔಷಧವಾಯಿತು, ಹರಕೆಯಾಯಿತು. ಕೊನೆಗೆ ಆಲಡೆಗೆ ಕರೆದುಕೊಂಡು ಹೋಗಿ ಹೆಂಗಸರ ಸಾಲಿನಲ್ಲಿ ನಿಲ್ಲಿಸಿದರು. ನೀನು ಯಾರೆಂದು ಕುಮಾರ ಕೇಳಿದಾಗ, ತಿಂಗಳುಗಳ ಮೌನ ಒಡೆದು ಅವರ ಬಾಯಿಂದ ಬಂದ ಮೊದಲ ಮಾತು ಸಿರಿಯ ಹೆಸರು.

ಈಗ ಯೋಚಿಸಿದರೆ ನನ್ನ ಮೈ ಜುಮ್ಮೆನ್ನುತ್ತದೆ. ಕುಮಾರನೆಂದರೆ ತಾಯಿಯನ್ನು ಅಗಲಿ ಮಾಯಕ್ಕೆ ಸಂದ ಮಗ. ಕೂಸನ್ನು ಮಣ್ಣಿಗಿಟ್ಟು ಬಂದ ಹೆಣ್ಣೊಬ್ಬಳನ್ನು, ವರ್ಷಕ್ಕೊಂದು ರಾತ್ರಿ, ಊರವರೆಲ್ಲರ ಸಮಕ್ಷಮದಲ್ಲಿ, ಆ ಮಗನ ದನಿಯೊಂದು ತಾಯಿಯೆಂದು ಕರೆಯುತ್ತದೆ. ಆ ಕರೆಯನ್ನು ಕೇಳುವುದಕ್ಕೆ ಅವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗಿದ್ದಾರೆ.

ಇಲಿಯಡ್ಡಿಗೆ ಹತ್ತೇ ಸಾಲು ಕಡಿಮೆ

ಈ ಹಾಡಿನ ಹಿರಿಮೆಯನ್ನು ದೂರದೇಶದ ವಿದ್ವಾಂಸರು ನಮಗಿಂತ ಚೆನ್ನಾಗಿ ಕಂಡುಕೊಂಡರೆಂಬುದನ್ನು ಒಪ್ಪಬೇಕು. ಅಮೆರಿಕದ ಪೀಟರ್ ಕ್ಲಾಸ್ ಅವರು ಸಿರಿಯ ಪುರಾಣ ಮತ್ತು ಆಚರಣೆಗಳನ್ನು ಕುರಿತು 1975ರಲ್ಲಿಯೇ ಲೇಖನ ಪ್ರಕಟಿಸಿದ್ದರು. ಫಿನ್ಲೆಂಡಿನ ಲೌರಿ ಹಾಂಕೊ ಅವರು ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ಕೂಡಿ, ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಆಮೂಲಾಗ್ರವಾಗಿ ಸಂಗ್ರಹಿಸಿದರು. ಗೋಪಾಲ ನಾಯ್ಕರು ಬರಿಯ ಹಾಡುಗಾರರಲ್ಲ. ಸಿರಿಯ ಆಚರಣೆಯಲ್ಲಿ ಸ್ವತಃ ಕುಮಾರನಾಗಿ ನಿಂತವರು.

1985-86ರಲ್ಲಿ ಅವರು ಹೇಳಿ ಬರೆಸಿದಾಗ ಕಾವ್ಯ 8,538 ಸಾಲುಗಳಾಗಿತ್ತು. 1990ರ ಡಿಸೆಂಬರಿನಲ್ಲಿ ಅವರೇ ಅದನ್ನು ಹಲವು ದಿನ ಹಾಡಿದಾಗ 15,683 ಸಾಲುಗಳಾಯಿತು! ಗ್ರೀಕರ ‘ಇಲಿಯಡ್’ ಮಹಾಕಾವ್ಯದಲ್ಲಿ 15,693 ಸಾಲುಗಳಿವೆಯೆಂದು ಎಣಿಸುತ್ತಾರೆ. ನಮ್ಮ ಸಿರಿ ಹೋಮರನಿಗಿಂತ ಹತ್ತೇ ಸಾಲು ಹಿಂದೆ. 1998ರಲ್ಲಿ ಇದು ಇಂಗ್ಲಿಷ್ ಅನುವಾದದೊಡನೆ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಅಚ್ಚಾಯಿತು.

ಸಾಲುಗಳ ಸಂಖ್ಯೆಗಿಂತ ನನಗೆ ಮುಖ್ಯವೆನಿಸಿದ್ದು ಎರಡು ಸಂಖ್ಯೆಗಳ ನಡುವಣ ಅಂತರ. ಅದೇ ಮನುಷ್ಯ, ಅದೇ ಕಥೆ. ಹೇಳಿದರೆ ಎಂಟೂವರೆ ಸಾವಿರ, ಹಾಡಿದರೆ ಹದಿನೈದೂವರೆ ಸಾವಿರ. ಎಂದರೆ ಈ ಹಾಡು ಎಲ್ಲೋ ಒಂದು ಕಡೆ ಮುಗಿದು ಕುಳಿತಿರುವ ವಸ್ತುವಲ್ಲ. ಹಾಡುವ ಹೊತ್ತು, ಕೇಳುವ ಜನ, ಉಸಿರಿನ ಬಲ ಇವುಗಳಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಹೀಗೆ ಜಾಗ ಬಿಡುವ ಹಾಡಿನಲ್ಲಿ ನಮ್ಮ ದೊಡ್ಡಮ್ಮನಂಥವರ ಹದಿನಾರು ದಿನದ ಕೂಸಿಗೂ ಜಾಗ ಸಿಕ್ಕುತ್ತದೆ.

ಗದ್ದೆಯಲ್ಲಿ ಬಾರದ್ದು

ಹಾಗಾದರೆ ಮೈಮರೆಸುವ ಶಕ್ತಿ ಇರುವುದು ರಾಗದಲ್ಲಿಯೇ? ತಾಳದಲ್ಲಿಯೇ? ಡೋಲಿನ ಏಟಿನ ವೇಗವು ಮೆದುಳನ್ನು ನೇರವಾಗಿ ಕೆರಳಿಸುವುದರಿಂದ ಆವೇಶ ಬರುತ್ತದೆಂದು ಆಂಡ್ರೂ ನೆಹರ್ ಎಂಬವರು 1960ರ ದಶಕದ ಆರಂಭದಲ್ಲಿ ವಾದಿಸಿದ್ದರು. ಫ್ರಾನ್ಸಿನ ಜಿಲ್ಬೇರ್ ರೂಜೆ ಅವರು ಸಂಗೀತ ಮತ್ತು ಪರವಶತೆಯನ್ನು ಕುರಿತು 1980ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ಎಲ್ಲರನ್ನೂ ಎಲ್ಲೆಡೆಯೂ ಪರವಶಗೊಳಿಸುವ ಸ್ವರವಾಗಲಿ ತಾಳವಾಗಲಿ ಲೋಕದಲ್ಲಿಲ್ಲ. ಆ ಸಂಗೀತಕ್ಕೆ ಆ ಜನ ಕೊಟ್ಟುಕೊಂಡಿರುವ ಅರ್ಥವೇ ಮುಖ್ಯ. ಆವೇಶಕ್ಕೆ ಒಂದು ರೂಪ ಕೊಟ್ಟು ಹದದಲ್ಲಿ ನಡೆಸುವುದೇ ಸಂಗೀತದ ಕೆಲಸ ಎಂಬುದು ಅವರ ವಾದದ ಸಾರ.

ಇದಕ್ಕೆ ಸಾಕ್ಷ್ಯ ಬೇಕೆಂದರೆ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಸಿರಿಯ ಪಾಡ್ದನವನ್ನು ತುಳುನಾಡಿನ ಹೆಂಗಸರು ನೇಜಿ ನೆಡುವಾಗಲೂ ಹಾಡುತ್ತಾರೆ. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಬಗ್ಗಿದ ಬೆನ್ನಿನ ನೋವನ್ನು ಹಾಡು ಮರೆಸುತ್ತದೆ. ಆದರೆ ಯಾರಿಗೂ ದರ್ಶನ ಬರುವುದಿಲ್ಲ. “ಮೊಣಕಾಲುದ್ದ ಕೆಸರು, ಸಂಜೆಯೊಳಗೆ ಗದ್ದೆ ಮುಗಿಯಬೇಕು, ಆಗ ಸಿರಿ ಎಲ್ಲಿಂದ ಬಂದಾಳು?” ಎಂದು ದೊಡ್ಡಮ್ಮ ನಗುತ್ತಾರೆ.

ಈ ಮಾತಿನಿಂದ ಧೈರ್ಯಗೊಂಡು ನಾನು ಒಂದು ದಿನ ಮೊಬೈಲ್ ಫೋನನ್ನು ಅವರ ಮುಂದಿಟ್ಟು, “ಹಾಡಿ ದೊಡ್ಡಮ್ಮ, ಧ್ವನಿ ಹಿಡಿದಿಡುತ್ತೇನೆ, ಮುಂದಿನವರಿಗೆ ಬೇಕು” ಎಂದೆ. ಅವರು ಒಪ್ಪಲಿಲ್ಲ. ಗದ್ದೆಯಲ್ಲಿ ಹಾಡಿದವರಿಗೆ ಮನೆಯಲ್ಲೇಕೆ ಆಗದೆಂದು ಒತ್ತಾಯಿಸಿದೆ. ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: “ಗದ್ದೆಯಲ್ಲಿ ಬದಿಗೆ ಹತ್ತು ಜನ ಇರುತ್ತಿದ್ದರು ಮಗಾ. ಆಲಡೆಯಲ್ಲಿ ಕುಮಾರ ಇದ್ದಾನೆ. ಇಲ್ಲಿ ನಾನೊಬ್ಬಳೇ ಹಾಡಿ, ಹೋಗಬಾರದ ಕಡೆ ಹೋಗಿಬಿಟ್ಟರೆ ನಿನ್ನ ಫೋನು ಕರೆತರುತ್ತದೆಯೇ?”

ನಾನು ಫೋನನ್ನು ತೆಗೆದು ಕಿಸೆಗೆ ಹಾಕಿಕೊಂಡೆ.

ನನ್ನ ಮಟ್ಟಿಗೆ ಈ ಹಾಡಿನ ಬಾಳಿಕೆಯ ಗುಟ್ಟು ಅವರ ಆ ಮಾತಿನಲ್ಲಿದೆ. ಮೈಮರೆಸುವ ಹಾಡುಗಳು ಸಾವಿರಾರು ಹುಟ್ಟುತ್ತವೆ, ಸಾಯುತ್ತವೆ. ಮೈಮರೆತವರನ್ನು ಮರಳಿ ತಂದು ಅವರವರ ಮನೆಯ ಬಾಗಿಲಿಗೆ ಮುಟ್ಟಿಸುವ ಹಾಡು ಉಳಿಯುತ್ತದೆ. ಸಿರಿಯ ಸಾಲಿನಲ್ಲಿ ನಿಂತ ಹೆಣ್ಣು ಅರಚಿದರೆ ಅದಕ್ಕೆ ಹೆಸರಿದೆ, ಅತ್ತರೆ ಕೇಳುವವರಿದ್ದಾರೆ, ಅಬ್ಬಗನಾಗಿ ಬಂದವಳು ದಾರಗನನ್ನು ಹುಡುಕಿದರೆ ತೋಳು ಚಾಚುವ ದಾರಗ ಆ ಸಾಲಿನಲ್ಲಿಯೇ ಸಿಗುತ್ತಾಳೆ. ಬೆಳಗಾಗುವಾಗ ಅವಳು ಮರಳಿ ತನ್ನ ಹೆಸರಿನವಳಾಗುತ್ತಾಳೆ. ಆದರೆ ಹೋದಂತೆಯೇ ಬಂದವಳಲ್ಲ. ಮನೆಯವರು ಅವಳನ್ನು ಇನ್ನು ಮೊದಲಿನ ಹಾಗೆ ಎತ್ತಿ ಆಡಿಕೊಳ್ಳಲಾರರು, ಅವಳು ಸಿರಿ.

ಇದೆಲ್ಲವನ್ನೂ ಬರಿಯ ಭಕ್ತಿಯಿಂದ ಹೊಗಳಿ ಮುಗಿಸುವವನಲ್ಲ ನಾನು. ವೈದ್ಯರ ಬಳಿಗೆ ಹೋಗಬೇಕಾದ ಹೆಣ್ಣುಮಗಳನ್ನು ಜಾತ್ರೆಯವರೆಗೆ ಕಾಯಿಸುವುದು ಅಪರಾಧವೇ ಸರಿ. ನಮ್ಮ ಕರಾವಳಿಯ ಕೋಟದಲ್ಲಿ ಮನೋರೋಗಗಳ ಅಧ್ಯಯನ ನಡೆಸಿ 1976ರಲ್ಲಿ ಗ್ರಂಥ ಪ್ರಕಟಿಸಿದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ವೈದ್ಯರಿಬ್ಬರು ಅಲ್ಲಿಯ ನಾಟಿವೈದ್ಯ, ಮಂತ್ರವಾದಿ, ಪಾತ್ರಿ ಇವರೆಲ್ಲರ ಕೆಲಸವನ್ನು ಹಾಸ್ಯಮಾಡದೆ ಪರಿಶೀಲಿಸಿದ್ದರು. ನೊಂದವರಿಗೆ ಒಂದೇ ಬಾಗಿಲು ಸಾಲದು. ದೊಡ್ಡಮ್ಮ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ; ಹುಣ್ಣಿಮೆಯನ್ನೂ ತಪ್ಪಿಸುವುದಿಲ್ಲ.

ಮರಳುವ ದಾರಿ

ಈ ವರ್ಷ ಅವರ ಮೊಣಕಾಲು ನೋವು ವಿಪರೀತವಾಯಿತು. ರಾತ್ರಿಯಿಡೀ ನಿಲ್ಲುವುದು ಬೇಡವೆಂದು ನನ್ನ ಹೆಂಡತಿ ಹೇಳಿದಳು, ನಾನೂ ಹೇಳಿದೆ. ಅವರು ವಾದಿಸಲಿಲ್ಲ. ಪೆಟ್ಟಿಗೆಯಿಂದ ತೆಗೆದಿಟ್ಟಿದ್ದ ಸೀರೆಯನ್ನು ತಿರುಗಿ ಒಳಗಿಟ್ಟು ಒಲೆಯ ಮುಂದೆ ಹೋಗಿ ಕುಳಿತರು. ಅಮ್ಮ ಹೇಳಿದ್ದ ಹಳೆಯ ಮಾತು ನೆನಪಾಗಿ ನನಗೆ ಭಯವಾಯಿತು. ಅಷ್ಟರಲ್ಲಿ ಅಳಿಯನು ಕಾರಿನ ಕೀಲಿಕೈ ತಂದು, “ಅಜ್ಜಿ, ಹೊರಡಿ. ಅಲ್ಲಿ ಕುಳಿತುಕೊಳ್ಳುವುದಕ್ಕೆ ಒಂದು ಸ್ಟೂಲು ಹಾಕಿಕೊಳ್ಳುವ” ಎಂದ.

ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಗೆ ಸೇರಿ, ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆಗೆ ತಿರುಗಿ ನಾವು ನಂದಳಿಕೆ ತಲುಪುವಾಗ ಚಂದ್ರ ಮೇಲೇರಿದ್ದ. ಜನ ಕಿಕ್ಕಿರಿದಿತ್ತು. ದೊಡ್ಡಮ್ಮ ಸ್ಟೂಲನ್ನು ಮುಟ್ಟಲಿಲ್ಲ. ಕುಮಾರನ ದನಿ ಎದ್ದಾಗ ಅವರ ಕೈಯ ಹಿಂಗಾರ ಮೊದಲು ನಡುಗಿತು. ಮೂವತ್ತು ವರ್ಷದ ಹಿಂದಿನ ಕ್ಲಾಸಿಕ್ಕಿಗೆ ತಲೆದೂಗುವ ಹುಡುಗ ನನ್ನ ಪಕ್ಕದಲ್ಲಿ ಒಂದು ಮಾತೂ ಆಡದೆ ನಿಂತಿದ್ದ. ನಡುವೆ ಒಮ್ಮೆ ಅವನು ನನ್ನ ತೋಳು ಹಿಡಿದುಕೊಂಡ. ನಾನು ಅಂದಿನಂತೆ ಮುಖ ತಿರುಗಿಸಲಿಲ್ಲ, ಅವನಿಗೂ ತಿರುಗಿಸಗೊಡಲಿಲ್ಲ.

ಬೆಳ್ಳಿ ಮೂಡುವ ಹೊತ್ತಿಗೆ ಹಾಡು ಇಳಿಯಿತು. ದೊಡ್ಡಮ್ಮ ಮುಡಿ ಕಟ್ಟಿಕೊಂಡು, ಹಿಂಗಾರದ ಎಸಳೊಂದನ್ನು ಸೆರಗಿನಲ್ಲಿ ಗಂಟುಹಾಕಿಕೊಂಡು, ಕುಂಟುತ್ತ ನಮ್ಮ ಬಳಿಗೆ ಬಂದರು. ಹುಡುಗನ ಕೆಂಪಾದ ಕಣ್ಣುಗಳನ್ನು ನೋಡಿ, “ರಾತ್ರಿ ನಿದ್ದೆ ಮಾಡಲಿಲ್ಲವಲ್ಲ ನೀನು? ಈಗಲೇ ಗಾಡಿ ಓಡಿಸಬೇಡ. ಚಹಾ ಕುಡಿದು, ಸ್ವಲ್ಪ ಕುಳಿತು ಹೋಗುವ” ಎಂದರು.

ಚಹಾ ಕುಡಿದು ಅರ್ಧ ಗಂಟೆ ಕುಳಿತೆವು. ಕಾರು ಹೊರಟ ಮೇಲೆ ಅಳಿಯನು ತನ್ನ ‘ಚಿಲ್ಡ್ರನ್’ ರಾಗವನ್ನು ಬಹಳ ಮೆಲ್ಲನೆ ಹಾಕಿದ. ಪಡುಬಿದ್ರಿ ಬರುವುದರೊಳಗೆ ದೊಡ್ಡಮ್ಮನಿಗೆ ನಿದ್ದೆ ಹತ್ತಿತ್ತು.